ಸಹಾಯ ಬೇಕು: ಗಿಡ ಚೆನ್ನಾಗಿ ಬೆಳೆದರೂ ಅಕ್ವೇರಿಯಂನಲ್ಲಿ ಪಾಚಿ ಹೋಗ್ತಾ ಇಲ್ಲ

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆಯಲ್ಲಿ ಎರಡು ಅಡಿಯ ಟ್ಯಾಂಕ್ ಇದೆ. ಸುಮಾರು 60 ಲೀಟರ್ ನೀರು, 12 ಗಪ್ಪಿ, ಒಂದಷ್ಟು ಚೆರ್ರಿ ಸಿಗಡಿ. ಮೂರು ತಿಂಗಳಿಂದ ಕೂದಲಿನಂಥ ಹಸಿರು ಪಾಚಿ ಕಾಡುತ್ತಿದೆ. ಎಷ್ಟು ಎಳೆದು ತೆಗೆದರೂ ನಾಲ್ಕೇ ದಿನಕ್ಕೆ ವಾಪಸ್.

ಬೇಗ ಬೆಳೆಯುವ ಗಿಡಗಳು ನೀರಿನ ನೈಟ್ರೇಟ್, ಫಾಸ್ಫೇಟ್ ಎಲ್ಲ ಹೀರಿಕೊಂಡರೆ ಪಾಚಿಗೆ ಆಹಾರ ಉಳಿಯೋದಿಲ್ಲ ಅಂತ ಓದಿ ಹಾರ್ನ್‌ವರ್ಟ್, ವಾಟರ್ ವಿಸ್ಟೀರಿಯಾ, ವ್ಯಾಲಿಸ್ನೇರಿಯಾ ಹಾಕಿದೆ, ಮೇಲೆ ನಾಲ್ಕು ಅಂತರಗಂಗೆಯನ್ನೂ ತೇಲಿಬಿಟ್ಟೆ. ಹಾರ್ನ್‌ವರ್ಟ್ ಅಂತೂ ವಾರಕ್ಕೊಮ್ಮೆ ಕತ್ತರಿಸುವಷ್ಟು ಬೆಳೆಯುತ್ತದೆ, ನೋಡೋಕೆ ಖುಷಿ. ಆದರೆ ವಿಸ್ಟೀರಿಯಾದ ಹಳೆ ಎಲೆಗಳಲ್ಲಿ ಸಣ್ಣ ಸಣ್ಣ ತೂತು ಬಿದ್ದು ಅಂಚು ಹಳದಿಯಾಗುತ್ತಿದೆ. ಪಾಚಿ ಮೊದಲು ಅಂಟಿಕೊಳ್ಳುವುದೂ ಅಲ್ಲೇ. ಇದು ಪೊಟ್ಯಾಸಿಯಂ ಕೊರತೆ ಅಲ್ವಾ?

ಲೈಟ್ ಮೊದಲು 10 ಗಂಟೆ ಉರಿಯುತ್ತಿತ್ತು. ಎರಡು ವಾರದಿಂದ ಟೈಮರ್ ಹಾಕಿ 7 ಗಂಟೆಗೆ ಇಳಿಸಿದ್ದೇನೆ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸುತ್ತೇನೆ, ಬೋರ್‌ವೆಲ್ ನೀರು. ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಕೊಡುವ ಸಿಲಿಂಡರ್ ಇಲ್ಲ.

ಗೊಬ್ಬರ ಹಾಕಿದರೆ ಗಿಡ ಗೆಲ್ಲುತ್ತದಾ, ಇಲ್ಲ ಪಾಚಿಯೇ ಜಾಸ್ತಿ ಆಗುತ್ತದಾ? ಅಂತರಗಂಗೆ ಹರಡಿ ಕೆಳಗಿನ ಗಿಡಗಳಿಗೆ ಬೆಳಕು ತಪ್ಪುತ್ತಿದೆ, ಎಷ್ಟು ಉಳಿಸಿಕೊಳ್ಳಲಿ? ಅಂಗಡಿಯವರು ಪಾಚಿ ಔಷಧ ಕೊಟ್ಟರು, ಅದರಲ್ಲಿ ತಾಮ್ರ ಇದೆ. ತಾಮ್ರ ಸಿಗಡಿಗಳಿಗೆ ವಿಷ, ಹಾಗಾಗಿ ಅದನ್ನು ಮುಟ್ಟಿಲ್ಲ. ದಯವಿಟ್ಟು ಔಷಧ ಬಿಟ್ಟು ಬೇರೆ ದಾರಿ ಹೇಳಿ. ಇದೇ ತೊಂದರೆ ಅನುಭವಿಸಿ ಸರಿ ಮಾಡಿಕೊಂಡವರು ಲೈಟ್ ಎಷ್ಟು ಗಂಟೆ ಇಟ್ಟಿರಿ, ಎಷ್ಟು ವಾರ ಹಿಡಿಯಿತು ಅಂತಲೂ ಬರೆಯಿರಿ. ಫೋಟೋ ಸಂಜೆ ಹಾಕುತ್ತೇನೆ.