ಮನೆಯಲ್ಲೇ ಬುಲೆಟ್ ಕೆಲಸಕ್ಕೆ ಯಾವ ಲೇತ್ ತಗೊಳ್ಳಲಿ?

ಪ್ರಶ್ನೆ (ಮೂಡಿಗೆರೆ): ನಮಸ್ಕಾರ ಅಣ್ಣ. ಮನೆಯಲ್ಲೇ ಬುಲೆಟ್ ಐಟಂ ಮಾಡೋಕೆ ಒಂದು ಚಿಕ್ಕ ಲೇತ್ (ಲೋಹ ತಿರುಗಿಸಿ ಕಡೆಯೋ ಮಿಷನ್) ಬೇಕು. ಬ್ರೇಕ್ ಪೆಡಲ್ ಬುಷ್ (ತೂತಿನೊಳಗೆ ಕೂರೋ ಲೋಹದ ಕೊಳವೆ), ಸ್ಪೇಸರ್ (ನಡುವೆ ಅಂತರ ಇಡೋ ಬಳೆ), ಅಷ್ಟೇ. ಹೋದ ತಿಂಗಳು ಒಂದು ಬುಷ್‌ಗೆ ಚಿಕ್ಕಮಗಳೂರಿಗೆ ಎರಡು ದಿನ ಓಡಾಡಿದೆ, ಅದೂ ಲೂಸ್ ಬಂತು. ಮನೆಯಲ್ಲಿ ಸಿಂಗಲ್ ಫೇಸ್ ಕರೆಂಟ್. ಆನ್‌ಲೈನ್ ಮಿನಿ ಲೇತ್ ಸಾಕಾ, ಹಳೇದು ದೊಡ್ಡದು ಹುಡುಕಲಾ?

ಉತ್ತರ (ಹಾಸನ, ಟರ್ನರ್): ಮೊದಲ ಸಾಲು ಓದಿ ಗಾಬರಿಯಾಯಿತು ಮಾರಾಯ್ರೆ! ಕೋವಿ ಗುಂಡು ಅಂದುಕೊಂಡೆ. ಲೈಸೆನ್ಸ್ ಇಲ್ಲದೆ ಅದನ್ನು ಮಾಡಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಜೈಲಿಗೆ ಹೋಗಬೇಕಾಗುತ್ತದೆ. ಬುಷ್ ಅಂತ ಓದಿದ ಮೇಲೆ ಬುಲೆಟ್ ಬೈಕ್ ಅಂತ ಗೊತ್ತಾಗಿ ಸಮಾಧಾನವಾಯಿತು.

ಬುಷ್, ಸ್ಪೇಸರ್‌ಗೆ ಮಿನಿ ಲೇತ್ ಸಾಕು. 7×14 ಅಂತ ಬರುತ್ತಲ್ಲ, ಅದರಲ್ಲಿ 7 ಇಂಚು ಅನ್ನೋದು ಬೆಡ್ (ಲೇತ್‌ನ ಉದ್ದನೆಯ ತಳ) ಮೇಲೆ ತಿರುಗಬಲ್ಲ ಪೀಸಿನ ವ್ಯಾಸ. ಟೂಲ್ ಅನ್ನು ಅಡ್ಡಕ್ಕೆ ಸರಿಸೋ ಕ್ರಾಸ್ ಸ್ಲೈಡ್ ಮೇಲೆ ಬಂದರೆ ಜಾಗ ತುಂಬಾ ಕಡಿಮೆ. ಹಾಗಾಗಿ ಬ್ರೇಕ್ ಡ್ರಮ್ ಕಡೆಯೋ ಆಸೆ ಬಿಡಿ, 7 ಇಂಚಿನ ಡ್ರಮ್ ಇದರಲ್ಲಿ ಹಿಡಿಸೋದಿಲ್ಲ. ಮಿಷನ್ ಹಗುರ, ಸ್ಟೀಲ್‌ನಲ್ಲಿ ಒಂದೇ ಸಲ ಜಾಸ್ತಿ ಕಟ್ ಕೊಟ್ಟರೆ ನಡುಗುತ್ತದೆ. ಗನ್ ಮೆಟಲ್ (ತಾಮ್ರ, ತವರದ ಮಿಶ್ರಲೋಹ) ಮಾತ್ರ ಬೆಣ್ಣೆ ಥರ ಹೋಗುತ್ತದೆ. ಹೆಡ್ (ಚಕ್ ತಿರುಗಿಸೋ ಪೆಟ್ಟಿಗೆ; ಚಕ್ ಅಂದರೆ ಪೀಸು ಹಿಡಿಯೋ ಭಾಗ) ಒಳಗಿನ ಗೇರ್ ಪ್ಲಾಸ್ಟಿಕ್ಕಾ ಅಂತ ಕೇಳಿ, ಕೆಲವದರಲ್ಲಿ ಪ್ಲಾಸ್ಟಿಕ್ ಇರುತ್ತದೆ.

ಥ್ರೆಡ್ ಹೊಡೆಯೋದಿದ್ದರೆ ಇನ್ನೊಂದು ಮಾತು. ಹಳೇ ಬುಲೆಟ್‌ನಲ್ಲಿ ಮಿಲಿಮೀಟರ್ ಥ್ರೆಡ್ ಅಲ್ಲ, ಇಂಚಿಗೆ 26 ಸುತ್ತಿನ ಸೈಕಲ್ ಥ್ರೆಡ್ ಹಲವು ಕಡೆ ಸಿಗುತ್ತದೆ. ಅದಕ್ಕೆ ಬೇಕಾದ ಚೇಂಜ್ ಗೇರ್ (ಥ್ರೆಡ್‌ಗೆ ತಕ್ಕಂತೆ ಬದಲಿಸೋ ಗೇರ್) ಸೆಟ್‌ನಲ್ಲಿ ಇದೆಯಾ ನೋಡಿ.

ಹಳೇ ನಾಲ್ಕೂವರೆ ಅಡಿ ಲೇತ್ ಸಿಕ್ಕರೆ ನನಗೆ ಅದೇ ಇಷ್ಟ. ಆದರೆ ಮೋಟಾರ್ ತ್ರೀ ಫೇಸ್ ಆಗಿದ್ದರೆ 1 ಎಚ್‌ಪಿ ಸಿಂಗಲ್ ಫೇಸ್ ಹಾಕಿಸಬೇಕು. ಮಿಷನ್ ನೋಡೋಕೆ ಹೋದಾಗ ಸ್ಯಾಡಲ್ (ಬೆಡ್ ಮೇಲೆ ಜಾರೋ ಭಾಗ) ಅನ್ನು ಚಕ್ ಹತ್ತಿರ ತಂದು ಗಿಬ್ (ಅದರ ಸಡಿಲ ತೆಗೆಯೋ ಪಟ್ಟಿ) ಬಿಗಿ ಮಾಡಿ, ಆಮೇಲೆ ಹ್ಯಾಂಡಲ್ ತಿರುಗಿಸಿ ಟೈಲ್ ಸ್ಟಾಕ್ (ಬೆಡ್‌ನ ಇನ್ನೊಂದು ತುದಿ) ಕಡೆಗೆ ಸರಿಸಿ. ಅಲ್ಲಿ ಹೋಗಿ ಜಾಮ್ ಆದರೆ ಚಕ್ ಹತ್ತಿರ ಬೆಡ್ ತಿಂದು ಹೋಗಿದೆ. ಪೇಂಟ್ ಎಷ್ಟು ಹೊಸದಾಗಿದ್ದರೂ ವಾಪಸ್ ಬನ್ನಿ.

ಪ್ರಶ್ನೆ: ಸರಿ ಅಣ್ಣ, ಮಿನಿನೇ ತಗೊಳ್ತೀನಿ. ಆದರೆ ಆ ಬುಷ್ ಲೂಸ್ ಯಾಕಾಯಿತು?

ಉತ್ತರ: ಬಹುಶಃ ಹಳೇ ಬುಷ್ ಅಳತೆಗೇ ಕಡೆದಿದ್ದಾರೆ. ಪೆಡಲ್‌ನ ತೂತೇ ಸವೆದಿರುತ್ತದಲ್ವಾ? ಅದು ಗುಂಡಗೆ ಉಳಿದಿರೋದಿಲ್ಲ. ಉದ್ದಕ್ಕೊಂದು, ಅಡ್ಡಕ್ಕೊಂದು ಅಳೆಯಿರಿ. ಎರಡೂ ಬೇರೆ ಬಂದರೆ ಮೊದಲು ತೂತನ್ನು ಬೋರ್ ಮಾಡಿಸಿ ಗುಂಡಗೆ ಮಾಡಿ. ಹೊಸ ಬುಷ್‌ನ ಹೊರ ಅಳತೆ ಕೂದಲೆಳೆಯಷ್ಟು ದಪ್ಪ ಇಟ್ಟು ಒತ್ತಿ ಕೂರಿಸಿ. ಒತ್ತಿದಾಗ ಒಳ ತೂತು ಸ್ವಲ್ಪ ಕುಗ್ಗುತ್ತದೆ, ಅದನ್ನು ಕೊನೆಗೆ ರೀಮರ್‌ನಲ್ಲಿ (ತೂತನ್ನು ಅಳತೆಗೆ ನಯವಾಗಿ ಕೆರೆಯೋ ಟೂಲ್) ಸರಿ ಮಾಡಿ.

ಇನ್ನೊಬ್ಬರು (ಸಕಲೇಶಪುರ): ಮಳೆಗಾಲ ಮರೀಬೇಡಿ. ನಮ್ಮ ಶೆಡ್‌ನಲ್ಲಿ ಜುಲೈಯಲ್ಲಿ ಒಂದು ವಾರ ಎಣ್ಣೆ ಹಚ್ಚದೆ ಬಿಟ್ಟಿದ್ದೆ, ಬೆಡ್ ಪೂರಾ ಕೆಂಪು.

ಉತ್ತರ: ಹೌದು. ಕೆಲಸ ಮುಗಿದ ಮೇಲೆ ಒರೆಸಿ ಎಣ್ಣೆ, ಮೇಲೆ ಹಳೇ ಬೆಡ್‌ಶೀಟ್. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೇ ಬೆವರುತ್ತದೆ. ಚಕ್ ಬಿಗಿ ಮಾಡೋ ಕೀ ಮಾತ್ರ ಚಕ್‌ನಲ್ಲೇ ಬಿಟ್ಟು ಸ್ವಿಚ್ ಹಾಕಬೇಡಿ. ನನ್ನ ಶಾಪ್‌ನ ಚಾವಣಿ ಶೀಟ್‌ನಲ್ಲಿ ಅದು ಹಾರಿ ಮಾಡಿದ ತೂತು ಇನ್ನೂ ಇದೆ.