30×40 ಸೈಟ್, ರಾಯಚೂರು: ಸೆಟ್‌ಬ್ಯಾಕ್ ಕಮ್ಮಿ ಅಂತ ಪ್ಲಾನ್ ಮತ್ತ ವಾಪಸ್

ರಾಯಚೂರು_ಮನಿ: ಮೂರನೇ ಸಲ ವಾಪಸ್ ಬಂತ್ರಿ. ಪಕ್ಕದ ಸೆಟ್‌ಬ್ಯಾಕ್, ಅಂದ್ರ ಮನಿ ಸುತ್ತ ಬಿಡೋ ಖಾಲಿ ಜಾಗ, ಸಾಲದಂತ. ಸೈಟ್ ಸರಿ ಅದ, ಡ್ರಾಯಿಂಗ್ ಸರಿ ಅದ. ಗೌಂಡಿ ಪಾಯಕ್ಕ ಕಾದು ಕುಂತಾನ. ಏನ್ ಮಾಡ್ಬೇಕು ಹೇಳ್ರಿ.

ಮಾನ್ವಿ_ಡ್ರಾಫ್ಟ್: ಎನ್‌ಎ (ಕೃಷಿಯೇತರ) ಆಗ್ಯದೇನ್ರಿ? ಭೂ ಪರಿವರ್ತನೆ ಆದೇಶ, ಲೇಔಟ್ ನಕ್ಷೆ, ಇ-ಖಾತಾ, ಮೂರರಾಗೂ ಅಳತೆ ಒಂದೇ ಇರ್ಬೇಕು.

ರಾಯಚೂರು_ಮನಿ: ಎಲ್ಲಾ ಅದಾವ್ರಿ.

ಮಾನ್ವಿ_ಡ್ರಾಫ್ಟ್: ಆದ್ರೂ ಖಾತಾ ತೆಗದು ಚಕಬಂದಿ (ನಾಕೂ ದಿಕ್ಕಿನ ಗಡಿ) ನೋಡ್ರಿ. ತಪ್ಪು ಅಲ್ಲೇ ಇರ್ತದ.

ಕೊಪ್ಪಳ_ಕ್ಯಾಡ್: ಖಾತಾ ಬಿಡ್ರಿ, ಅವರು ಬರದಿದ್ದು ಸೆಟ್‌ಬ್ಯಾಕ್. ಬೇಕಿದ್ದದ್ದೆಷ್ಟು, ತೋರಿಸಿದ್ದೆಷ್ಟು? ಡ್ರಾಯಿಂಗ್ ಅಡಿಯಾಗೋ ಮೀಟರ್‌ನ್ಯಾಗೋ?

ರಾಯಚೂರು_ಮನಿ: ಬೇಕಿದ್ದದ್ದು 1.00, ತೋರಿಸಿದ್ದು 0.99 ಅಂತದ. ಅಡಿಯಾಗೇ ಅದ, ಎರಡೂ ಬಾಜು 3 ಅಡಿ 3 ಇಂಚು. ಅಂದ್ರ ಒಂದು ಮೀಟರೇ ಅಲ್ಲೇನ್ರಿ?

ಕೊಪ್ಪಳ_ಕ್ಯಾಡ್: ಅಲ್ಲ. 39 ಇಂಚು ಅಂದ್ರ 990.6 ಮಿ.ಮೀ. 9.4 ಮಿ.ಮೀ. ಕಮ್ಮಿ ಬಿತ್ತು. ಕಾಗದದ ಕಾಲದಾಗ ಟೇಪ್ ಹಿಡಿದೋರು ಬಿಡ್ತಿದ್ರು, ಈಗ ಪ್ಲಾನ್ ತಪಾಸೋ ತಂತ್ರಾಂಶ ಬಿಡೂದಿಲ್ಲ. ಅರ್ಧ ಇಂಚು ಕೂಡಿಸಿದ್ರ 1003 ಆಗಿ ಪಾಸ್ ಆಗತೈತಿ, ಆದ್ರ ಹಂಗ ಮಾಡಬ್ಯಾಡ್ರಿ. ಹೊರಗ 15 ಮಿ.ಮೀ. ಗಿಲಾವು ಬಿದ್ದ ಮ್ಯಾಲೆ ಸೈಟಿನ್ಯಾಗ 988 ಉಳಿತೈತಿ.

ಹಳೇ ಡ್ರಾಯಿಂಗ್ ಬಿಟ್ಟು ಮೀಟರ್‌ನ್ಯಾಗೇ ಹೊಸದು ತೆಗೀರಿ. 30 ಅಡಿ ಅಂದ್ರ 9.144. ಎರಡೂ ಬಾಜು 1.05 ಬಿಟ್ರ ಕಟ್ಟಾಕ 7.044. 230 ಮಿ.ಮೀ. ದಪ್ಪದ ಗೋಡೆ ಮೂರು, 0.69 ಹೋತು. ಒಳಗ 6.354: ಹಾಲ್ 3.60, ಮಲಗೋ ಕೋಣೆ 2.75. ಗಡಿಗೆರೆ ಒಂದೇ ಪಾಲಿಲೈನ್ (ತುಂಡಿಲ್ಲದ ಕೂಡುಗೆರೆ) ಆಗಿ ಮುಚ್ಚಿರಬೇಕು, ಮೂಲ್ಯಾಗ ಕೂದಲೆಳೆ ಬಿಟ್ರೂ ತಂತ್ರಾಂಶ ಅಳತೆ ಓದೂದಿಲ್ಲ.

ಮಾನ್ವಿ_ಡ್ರಾಫ್ಟ್: ಕಾಂಪೌಂಡ್ ಗೋಡೆಯ ಒಳಮುಖದಿಂದ ಅಳೀಬೇಕು. ಹಂಗಾದ್ರ 1.05 ಸಾಲೂದಿಲ್ಲ.

ಕೊಪ್ಪಳ_ಕ್ಯಾಡ್: ಸೆಟ್‌ಬ್ಯಾಕ್ ಅಳಿಯೂದು ಸೈಟಿನ ಗಡಿಯಿಂದ. ಕಾಂಪೌಂಡ್ ದಪ್ಪ ಓಡಾಡೋ ಜಾಗ ತಿಂತೈತಿ, ಅಳತೆ ತಿನ್ನೂದಿಲ್ಲ.

ಮಾನ್ವಿ_ಡ್ರಾಫ್ಟ್: ಇಲ್ರಿ, ಒಳಮುಖದಿಂದಲೇ.

ಸಿಂಧನೂರು_ಸೈಟ್: ಇಬ್ರೂ ಸ್ವಲ್ಪ ತಡೀರಿ. ಅಣ್ಣಾ, ಮ್ಯಾಲೆ ಬಾಡಿಗಿ ಮನಿ ಅದೇನು? ಮೆಟ್ಟಿಲ ಎಲ್ಲಿ ಇಟ್ಟೀರಿ?

ರಾಯಚೂರು_ಮನಿ: ಬಲಕ್ಕ, ಹೊರಗ. ಎಲ್ಲಾರೂ ಅಲ್ಲೇ ಹಾಕ್ತಾರಲ್ರಿ. ಪ್ಲಾನ್‌ದಾಗ ತೋರಿಸಿಲ್ಲ.

ಸಿಂಧನೂರು_ಸೈಟ್: ಅದು ಸೆಟ್‌ಬ್ಯಾಕ್ ಜಾಗ. ನಾಳೆ ಸ್ವಾಧೀನಪತ್ರಕ್ಕ (ಮನಿ ವಾಸಕ್ಕ ತಯಾರ್ ಅನ್ನೋ ಪತ್ರ, ಓಸಿ) ಸೈಟ್ ನೋಡಾಕ ಬಂದಾಗ ಸಿಗೂದೇ ಅದು. ಒಳಗ ತರ್ರಿ. ಮಹಡಿ ಎತ್ತರ 3 ಮೀಟರ್ ಇದ್ರ 16 ಏರು, ಒಂದೊಂದು 187.5 ಮಿ.ಮೀ.; ರಾಷ್ಟ್ರೀಯ ಕಟ್ಟಡ ಸಂಹಿತೆಯ ಮಿತಿ 190. ತುಳಿಯೋ ಅಗಲ 250ಕ್ಕಿಂತ ಕಮ್ಮಿ ಬ್ಯಾಡ. ಎಂಟೆಂಟು ಏರಿಗೆ ತಿರುವು ಕೊಟ್ರ ಹಾಲ್‌ನ ಹಿಂಭಾಗದಾಗ ಕೂಡ್ತದ.

ರಾಯಚೂರು_ಮನಿ: ಹಂಗಾದ್ರ ಅಡಿಗಿ ಮನಿ ಎಲ್ಲಿ ಇಡ್ಲಿ?

ಕೊಪ್ಪಳ_ಕ್ಯಾಡ್: ರಸ್ತೆ ಯಾವ ದಿಕ್ಕಿಗೈತಿ, ಅದನ್ನ ನೀವಿನ್ನೂ ಹೇಳಿಲ್ಲ.