ಓವರ್‌ಕ್ಲಾಕಿಂಗ್‌ಗೆ ‘ಮೀರೋಟ’ ಅನ್ನಬಹುದಾ? ಜೊತೆಗೆ ‘ನಿಂತಿತು’ ಅನ್ನುವುದರ ತೊಡಕು

ಎಲ್ಲರಿಗೂ ನಮಸ್ಕಾರ.

ನಾನು ಕಲಬುರಗಿಯಲ್ಲಿ ಕಂಪ್ಯೂಟರ್ ರಿಪೇರಿ ಕಲಿಸುತ್ತೇನೆ. ಆಳಂದ, ಜೇವರ್ಗಿ, ಚಿತ್ತಾಪುರದ ಕಡೆಯಿಂದ ಬರುವ ಹುಡುಗ ಹುಡುಗಿಯರೇ ಜಾಸ್ತಿ. ಅವರಿಗೆ ಕನ್ನಡದಲ್ಲೇ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಹಳೆಯ ಡೆಸ್ಕ್‌ಟಾಪ್‌ನ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡುವುದು, ಅಂದರೆ ಕಂಪನಿ ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು ಹೇಗೆ ಅನ್ನುವ ಪಾಠದಲ್ಲಿ ಕೆಲವು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ. ನಿಮ್ಮ ಸಲಹೆ ಬೇಕು.

ಮೊದಲು ‘ಕ್ಲಾಕ್’. ಇದನ್ನು ‘ಗಡಿಯಾರ’ ಅಂದರೆ ಪಾಠ ಅಲ್ಲೇ ಹಳಿ ತಪ್ಪುತ್ತದೆ. ನಮ್ಮ ಹುಡುಗರಿಗೆ ಕಂಪ್ಯೂಟರಿನ ಒಳಗೆ ನಿಜವಾಗಿಯೂ ಒಂದು ಗಡಿಯಾರ ಇರುವುದು ಗೊತ್ತು. ಮದರ್‌ಬೋರ್ಡ್ ಮೇಲಿನ ಗುಂಡು ಸೆಲ್ ಸತ್ತರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂರುತ್ತದಲ್ಲ, ಆ ಗಡಿಯಾರ. ಹಾಗಾಗಿ ‘ಗಡಿಯಾರದ ವೇಗ ಹೆಚ್ಚಿಸುವುದು’ ಅಂದ ಕೂಡಲೇ ‘ಹಂಗಾದ್ರ ಟೈಮ್ ಮುಂದ ಓಡ್ತದೇನ್ರೀ ಸರ್?’ ಅನ್ನುವ ಪ್ರಶ್ನೆ ಬರುತ್ತದೆ. ತಪ್ಪು ಅವರದಲ್ಲ. ‘ಗಡಿಯಾರ ಮುಂದೆ ಓಡ್ತಿದೆ’ ಅಂದರೆ ಕನ್ನಡದಲ್ಲಿ ಇರುವ ಅರ್ಥ ಅದೊಂದೇ. ಆ ಗಡಿಯಾರಕ್ಕೆ ಸೆಕೆಂಡಿಗೆ 32,768 ಸಲ ಕಂಪಿಸುವ ಬೇರೆಯದೇ ಹರಳು ಇರುತ್ತದೆ, ಓವರ್‌ಕ್ಲಾಕ್ ಮಾಡುವಾಗ ಅದರ ಗೊಡವೆಗೇ ನಾವು ಹೋಗುವುದಿಲ್ಲ.

ಪ್ರೊಸೆಸರಿನ ಕೆಲಸಕ್ಕೆ ತಾಳ ಹಾಕುವ ಕ್ಲಾಕ್‌ಗೆ ನಾನು ‘ಮಿಡಿತ’ ಅಂತ ಬರೆದಿದ್ದೇನೆ. 2.4 ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 240 ಕೋಟಿ ಮಿಡಿತ. ಇದು ತಕ್ಷಣ ತಲೆಗೆ ಹೋಗುತ್ತದೆ. ‘ಬಡಿತ’ವೂ ಆಗಬಹುದಿತ್ತು, ಆದರೆ ನಮ್ಮ ಕಿವಿಗೆ ಬಡಿತದಲ್ಲಿ ಪೆಟ್ಟಿನ ಸದ್ದೂ ಇದೆ. ‘ಸ್ಪಂದನ’ ಬೇಡ ಅನ್ನಿಸಿತು, ಅದು ಪಠ್ಯಪುಸ್ತಕದ ಪದ.

ಇನ್ನು ‘ಓವರ್‌ಕ್ಲಾಕ್’ ಅನ್ನುವ ಕ್ರಿಯೆ. ಫ್ಯಾನ್ ಆಗಲಿ, ಒಲೆ ಆಗಲಿ, ಟಿವಿ ಸದ್ದಾಗಲಿ, ನಾವು ‘ಜೋರು ಮಾಡು’, ‘ಸಣ್ಣ ಮಾಡು’ ಅಂತೀವಿ. ಹಾಗಾಗಿ ಮೊದಲು ‘ಮಿಡಿತ ಜೋರು ಮಾಡುವುದು’ ಅಂತ ಬರೆದು ನೋಡಿದೆ. ಓದಲು ಚೆನ್ನಾಗಿದೆ, ಆದರೆ ಅರ್ಥ ಸಾಲುವುದಿಲ್ಲ. ಯಾಕೆ ಅಂದರೆ ಪ್ರೊಸೆಸರ್ ತನ್ನಷ್ಟಕ್ಕೆ ತಾನೇ ಜೋರಾಗುವುದೂ ಇದೆ. 2011ರಲ್ಲಿ ಬಂದ ಇಂಟೆಲ್ ಕೋರ್ ಐ5-2500ಕೆ ತಗೊಳ್ಳಿ. ಅದರ ಮೇಲೆ ಬರೆದಿರುವುದು 3.3 ಗಿಗಾಹರ್ಟ್ಸ್, ಆದರೆ ಅದರೊಳಗೆ ಲೆಕ್ಕ ಮಾಡುವ ಘಟಕಗಳಲ್ಲಿ, ಅಂದರೆ ಕೋರ್‌ಗಳಲ್ಲಿ, ಒಂದಕ್ಕೆ ಮಾತ್ರ ಕೆಲಸ ಬಿದ್ದಾಗ ಟರ್ಬೊದಲ್ಲಿ 3.7ರವರೆಗೆ ಹೋಗುತ್ತದೆ. ಅದು ಕಂಪನಿಯೇ ಕೊಟ್ಟ ಏರಿಕೆ, ಓವರ್‌ಕ್ಲಾಕ್ ಅಲ್ಲ. ನಾವು ಬಯಾಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ ಗುಣಕವನ್ನು, ಅಂದರೆ ಮೂಲ ಮಿಡಿತವನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಸಂಖ್ಯೆಯನ್ನು, ಏರಿಸಿ 4.2ಕ್ಕೋ 4.4ಕ್ಕೋ ಒಯ್ದರೆ ಅದು ಓವರ್‌ಕ್ಲಾಕ್. ಅಂದರೆ ತಯಾರಿಸಿದವರು ಗೊತ್ತು ಮಾಡಿದ ಗೆರೆಯನ್ನು ದಾಟುವುದೇ ಈ ಪದದ ಜೀವ. ಕನ್ನಡದ ಪದದಲ್ಲೂ ಆ ದಾಟುವಿಕೆ ಕಾಣಬೇಕು, ಅಲ್ವಾ?

‘ಅತಿ’ ಸೇರಿಸಿ ‘ಅತಿಮಿಡಿತ’ ಮಾಡಬಹುದು ಅಂತ ಸಹೋದ್ಯೋಗಿಯೊಬ್ಬರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಅತಿಯಾಸೆ, ಅತಿವೃಷ್ಟಿ, ಅತಿಬುದ್ಧಿ, ಹೀಗೆ ಅತಿ ಎಲ್ಲಿ ಬಂದರೂ ಬೈಗುಳ ಇಲ್ಲವೇ ಕಷ್ಟ ಬೆನ್ನಿಗಿರುತ್ತದೆ. ಹೊಸ ಕಂಪ್ಯೂಟರ್ ಕೊಳ್ಳಲು ಆಗದ ಹುಡುಗಿ ಹಳೆಯದರಿಂದಲೇ ಇನ್ನಷ್ಟು ಕೆಲಸ ತೆಗೆದರೆ ಅದರಲ್ಲಿ ಬೈಯುವಂಥದ್ದೇನೂ ಇಲ್ಲ.

ಅದಕ್ಕೇ ‘ಮೀರೋಟ’ ಅಂತ ಕಟ್ಟಿದ್ದೇನೆ. ಮೀರು, ಓಟ. ಕ್ರಿಯೆಗೆ ‘ಮೀರಿ ಓಡಿಸು’. ಗಾಡಿ, ಪಂಪು, ಮೋಟರು ಎಲ್ಲವನ್ನೂ ನಾವು ಓಡಿಸುತ್ತೇವೆ, ಪ್ರೊಸೆಸರ್‌ಗೂ ಅದೇ ಸಾಕು. ‘ಮಾತು ಮೀರಿದ’ ಅನ್ನುವಾಗ ಮೀರುವುದಕ್ಕೂ ಬೈಗುಳದ ವಾಸನೆ ಇದೆ, ಒಪ್ಪುತ್ತೇನೆ. ಆದರೆ ‘ಗುರುವನ್ನೇ ಮೀರಿಸಿದ’ ಅಂತ ಹೊಗಳುವುದೂ ಅದೇ ಪದದಿಂದ. ಎರಡೂ ಕಡೆಗೆ ಹೊರಳುವ ಈ ಗುಣ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಕಡಿಮೆ ಮಾಡುವುದಕ್ಕೆ, ಅಂದರೆ ಅಂಡರ್‌ಕ್ಲಾಕ್‌ಗೆ, ‘ತಗ್ಗೋಟ’ ಅಂತ ಇಟ್ಟಿದ್ದೇನೆ. ಇದು ನನಗೇ ಅಷ್ಟು ಹಿಡಿಸಿಲ್ಲ. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

ಗುಣಕಕ್ಕೆ ತಕರಾರಿಲ್ಲ, ಶಾಲೆಯ ಲೆಕ್ಕದ ಪದವೇ ಆಯಿತು. ನಮ್ಮಲ್ಲಿ ಕಲಿಯಲು ಇಟ್ಟಿರುವುದು ಇಂಟೆಲ್‌ನ ಕೋರ್ 2 ಕ್ವಾಡ್ ಕ್ಯೂ6600 ಪ್ರೊಸೆಸರ್, 2007ರದ್ದು. ಅದರ ಮೂಲ ಮಿಡಿತ 266 ಮೆಗಾಹರ್ಟ್ಸ್, ಗುಣಕ 9, ಗುಣಿಸಿದರೆ ಸುಮಾರು 2.4 ಗಿಗಾಹರ್ಟ್ಸ್. ಗುಣಕವನ್ನು 9ಕ್ಕಿಂತ ಮೇಲೆ ಏರಿಸಲು ಅದು ಬಿಡುವುದಿಲ್ಲ. ಅದಕ್ಕೇ ಮೂಲ ಮಿಡಿತವನ್ನೇ 333ಕ್ಕೆ ಒಯ್ಯುತ್ತೇವೆ, ಆಗ 3 ಗಿಗಾಹರ್ಟ್ಸ್ ಸಿಗುತ್ತದೆ. ಮೂಲ ಮಿಡಿತ ಏರಿದರೆ ರ್‍ಯಾಮ್ ಕೂಡ ಅದರ ಹಿಂದೆಯೇ ಏರುತ್ತದೆ, ಆದ್ದರಿಂದ ರ್‍ಯಾಮ್‌ನ ಅನುಪಾತವನ್ನೂ (ಮೂಲ ಮಿಡಿತದ ಎಷ್ಟು ಪಟ್ಟು ವೇಗದಲ್ಲಿ ಅದು ಓಡಬೇಕು ಅನ್ನುವುದನ್ನೂ) ನೋಡಿಕೊಳ್ಳಬೇಕು ಅನ್ನುವುದನ್ನು ಇದೇ ಪುಟದಲ್ಲಿ ಹೇಳಬೇಕಿದೆ. ಈ ಪುಟ ಮಾತ್ರ ಸಲೀಸಾಗಿ ಬರೆದುಕೊಂಡು ಹೋಯಿತು.

ನಿಜವಾದ ತೊಡಕು ಬಂದಿದ್ದು ‘ಸ್ಟೇಬಲ್’ ಅನ್ನುವಲ್ಲಿ. ಮಿಡಿತ ಏರಿಸಿದ ಮೇಲೆ ಪ್ರೈಮ್95 ಅನ್ನುವ ಸಾಫ್ಟ್‌ವೇರ್ ಥರದ ಭಾರಿ ಲೆಕ್ಕದ ಕೆಲಸವನ್ನು ಗಂಟೆಗಟ್ಟಲೆ ಕೊಟ್ಟು, ಲೆಕ್ಕ ತಪ್ಪುತ್ತದಾ, ವಿಂಡೋಸ್ ಕುಸಿದಾಗ ಕಾಣುವ ನೀಲಿ ಪರದೆ ಬರುತ್ತದಾ ಅಂತ ನೋಡಬೇಕು. ಏನೂ ಆಗದಿದ್ದರೆ ನಾವು ಸುಮ್ನೆ ‘3.2ಕ್ಕೆ ನಿಂತಿತು’ ಅಂತೀವಿ. ಆದರೆ ‘ನಿಂತಿತು’ ಅಂದರೆ ಅಲುಗದೆ ಗಟ್ಟಿಯಾಗಿ ನಿಂತಿತು ಅಂತಲೂ ಆಗುತ್ತದೆ, ಕೆಲಸ ನಿಲ್ಲಿಸಿ ಹ್ಯಾಂಗ್ ಆಯಿತು ಅಂತಲೂ ಆಗುತ್ತದೆ! ವಿದ್ಯಾರ್ಥಿಯೊಬ್ಬಳು ನೋಟ್‌ಬುಕ್‌ನಲ್ಲಿ ‘3.2, ನಿಂತದ’ ಅಂತ ಬರೆದಿದ್ದಳು. ಅದನ್ನು ಓದಿದ ಇನ್ನೊಬ್ಬ ಇದು ಆಗುವುದಿಲ್ಲ ಅಂದುಕೊಂಡು 3ಕ್ಕೆ ಇಳಿಸಿದ. ಒಂದೇ ಪದ, ಪೂರಾ ಉಲ್ಟಾ ಅರ್ಥ.

ಇಲ್ಲಿ ‘ತಾಳು’ ಒಳ್ಳೆಯದು ಅನ್ನಿಸುತ್ತದೆ. ‘3.2ನ್ನು ತಾಳುತ್ತದೆ, 3.4ನ್ನು ತಾಳುವುದಿಲ್ಲ.’ ಸ್ಟೆಬಿಲಿಟಿಗೆ ‘ತಾಳಿಕೆ’, ಆ ಪರೀಕ್ಷೆಗೆ ‘ತಾಳಿಕೆ ಪರೀಕ್ಷೆ’. ಇದರ ಪಕ್ಕದಲ್ಲೇ ‘ಬಾಳಿಕೆ’ ಇದೆ. ಇಂದು ಎಂಟು ಗಂಟೆ ತಾಳಿದ ಪ್ರೊಸೆಸರ್ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಬೇರೆಯೇ ಮಾತು. ವೋಲ್ಟೇಜ್ ಜಾಸ್ತಿ ಕೊಟ್ಟಷ್ಟೂ, ಬಿಸಿ ಜಾಸ್ತಿ ಆದಷ್ಟೂ ಬಾಳಿಕೆ ಕಡಿಮೆಯಾಗುತ್ತದೆ. ತಾಳಿಕೆ, ಬಾಳಿಕೆ ಅಂತ ಜೋಡಿಯಾಗಿ ಹೇಳಿದಾಗ ಹುಡುಗರು ಎರಡನ್ನೂ ಬೇರೆ ಬೇರೆಯಾಗಿ ಹಿಡಿದುಕೊಂಡರು. ಅದು ನನಗೆ ತುಂಬಾ ಖುಷಿ ಕೊಟ್ಟಿತು.

ಕಡೆಯದು ಬಿಸಿಯ ಮಾತು. ನಮ್ಮೂರಲ್ಲಿ ಬಾಯಿಗೆ ಬರುವುದು ‘ಗರಂ’. ‘ಪ್ರೊಸೆಸರ್ ಭಾಳ ಗರಂ ಆಗ್ಯಾದ್ರೀ.’ ಕೈಪಿಡಿಯಲ್ಲಿ ಗರಂ ಅಂತಲೇ ಬರೆಯಲೇ, ‘ಬಿಸಿ’ ಅನ್ನಲೇ, ‘ಕಾವು’ ಅನ್ನಲೇ? ನನಗೆ ಎರಡು ಪದ ಬೇಕು. ಪ್ರೊಸೆಸರ್ ಹೊರಗೆ ಚೆಲ್ಲುವ ಶಾಖಕ್ಕೆ ಒಂದು, ಸಾಫ್ಟ್‌ವೇರ್ ತೋರಿಸುವ ಡಿಗ್ರಿಗೆ ಇನ್ನೊಂದು. ಮಿಡಿತ ಕಾಲು ಭಾಗ ಏರಿಸಿ ವೋಲ್ಟೇಜ್ ಹತ್ತನೇ ಒಂದು ಭಾಗ ಏರಿಸಿದರೆ ಶಾಖ ಸುಮಾರು ಒಂದೂವರೆ ಪಟ್ಟಾಗುತ್ತದೆ, ಯಾಕೆಂದರೆ ವೋಲ್ಟೇಜ್ ಲೆಕ್ಕದಲ್ಲಿ ಎರಡು ಸಲ ಗುಣಿಸಿಕೊಳ್ಳುತ್ತದೆ. ಡಿಗ್ರಿ ಎಷ್ಟಾಗುತ್ತದೆ ಅನ್ನುವುದು ಹೀಟ್‌ಸಿಂಕ್ (ಶಾಖ ಎಳೆದುಕೊಳ್ಳುವ ಲೋಹದ ತುಂಡು), ಅದರ ಅಡಿಯ ಪೇಸ್ಟ್, ಫ್ಯಾನ್ ಮತ್ತು ಕೋಣೆಯ ಸೆಕೆಯ ಮೇಲೆ ನಿಂತಿದೆ. ಡಿಸೆಂಬರ್‌ನಲ್ಲಿ ಆರಾಮಾಗಿ ತಾಳಿದ ಸೆಟ್ಟಿಂಗ್, ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ ತಾಳದೇ ಹೋಗಬಹುದು, ಇಲ್ಲಿ ಕಲಿಯುವವರಿಗೆ ಇದನ್ನು ಒತ್ತಿ ಹೇಳಲೇಬೇಕು. ಶಾಖಕ್ಕೆ ‘ಕಾವು’, ಡಿಗ್ರಿಗೆ ‘ಬಿಸಿಮಟ್ಟ’ ಅಂತ ಸದ್ಯಕ್ಕೆ ಹಾಕಿದ್ದೇನೆ. ‘ಉಷ್ಣಾಂಶ’ವೇ ಇರಲಿ ಅನ್ನುವವರು ಕಾರಣ ತಿಳಿಸಿ.

ಮಂಗಳೂರು, ಮೈಸೂರು ಕಡೆಯವರು ‘ಮೀರೋಟ’ ಕೇಳಿದ ಕೂಡಲೇ ಏನು ಅಂದುಕೊಳ್ಳುತ್ತಾರೆ, ಓಟದ ಪಂದ್ಯದ ಹಾಗೆ ಕೇಳಿಸುತ್ತದಾ? ‘ತಾಳಿಕೆ’ಯನ್ನು ನಿಮ್ಮಲ್ಲಿ ಬೇರೆ ಯಾವುದಾದರೂ ಕಸುಬಿನಲ್ಲಿ ಆಗಲೇ ಬಳಸುತ್ತಿದ್ದರೆ ಅದನ್ನೂ ಬರೆಯಿರಿ. ಮುಂದಿನ ತಂಡ ಸೇರುವ ಮೊದಲು ಕೈಪಿಡಿ ಝೆರಾಕ್ಸ್‌ಗೆ ಹೋಗಬೇಕು.